ಹೊಳಬಸಪ್ಪ ಗೆದ್ದ ಬೆಳ್ಳಿ ಬಟ್ಟಲು

ಮೂರು ದಿನದಿಂದ ಕೂಸು ಕುಡಿದ ಹಾಲನ್ನೆಲ್ಲ ಕಾರಿಕೊಳ್ಳುತ್ತಿತ್ತು. ಹಲ್ಲು ಬರುವ ಹೊತ್ತು ಅಂದರು ವೈದ್ಯರು. ತಾಯಿ ಶೇವಂತಿಗೆ ಮಾತ್ರ ಅದು ಹಾಲು ಕುಡಿಸುವ ಬೆಳ್ಳಿ ಬಟ್ಟಲಿನದೇ ದೋಷ ಅನ್ನಿಸಿತು; ಬಟ್ಟಲನ್ನು ಹಿಟ್ಟಿನ ಡಬ್ಬಿಯ ಹಿಂದೆ ಅಡಗಿಸಿಟ್ಟಳು.

“ಬಟ್ಟಲಾ ಎಲ್ಲಿಟ್ಟಿ ಬೇ? ನನ್ನ ಮೊಮ್ಮಗ ತಂಬಿಗ್ಯಾಗ ಕುಡಿತಾನೇನ?” ಬನಹಟ್ಟಿಯ ಮಗಳ ಮನೆಗೆ ಬಂದಿದ್ದ ಅಪ್ಪ ಹೊಳಬಸಪ್ಪ ಪಡಸಾಲೆಯಿಂದ ಕೂಗಿದ.

ಹೊಳಬಸಪ್ಪ ಹುಟ್ಟಿದ್ದು ಜಮಖಂಡಿ ಸಂಸ್ಥಾನದ ಕೃಷ್ಣೆಯ ದಡದಲ್ಲಿ. ಹರಿಗೋಲು ಹಾಕುತ್ತಿದ್ದವನು ಮುಂಬಯಿಗೆ ಹೋಗಿ, ಸಾಹೇಬರ ಕ್ಲಬ್ಬೊಂದರಲ್ಲಿ ದೋಣಿ ತಿಕ್ಕುವ ಕೆಲಸ ಹಿಡಿದ. ಕೆನ್ನೆಗೆ ತಾಕಿದ ಗಾಳಿಯಲ್ಲೇ ದಿಕ್ಕು ಹೇಳುವ ಅವನಿಗೆ ಕೆಲಸಗಾರರ ಪಂದ್ಯಕ್ಕೆ ಒಂದು ದೋಣಿ ಸಿಕ್ಕಿತು, ಇಬ್ಬರೇ ಕೂರುವ ಪುಟ್ಟ ಹಾಯಿದೋಣಿ. ಹನ್ನೊಂದು ವರ್ಷ ಓಡಿಸಿದ. ಆರು ಸಲ ಎರಡನೆಯವನಾದ.

ಆ ಪಂದ್ಯಕ್ಕೆ ತೀರ್ಪು ಕೊಡುವ ಪಂಚರಿರಲಿಲ್ಲ. ನೀರಲ್ಲಿ ತೇಲಿಬಿಟ್ಟ ಕೆಂಪು ಪೀಪಾಯಿಗಳನ್ನು ಸುತ್ತಿ ಬರಬೇಕು; ದೋಣಿಯಾಗಲಿ ಕೈಯಾಗಲಿ ಅವಕ್ಕೆ ತಾಕಿದರೆ ತಾವೇ ಹಾಯಿ ಇಳಿಸಿ ಹೊರಗಾಗಬೇಕು. ಒಂದು ವರ್ಷ ಅದೇ ಕ್ಲಬ್ಬಿನ ಕೆಲಸಗಾರ, ಹುನ್ನೂರಿನ ಗಿರಮಲ್ಲಪ್ಪ ಎಲ್ಲರಿಗಿಂತ ಮುಂದಿದ್ದೂ, ಯಾರಿಗೂ ಕಾಣದ ಕಡೆ ತಾಕಿದ್ದಕ್ಕೆ ಹಾಯಿ ಇಳಿಸಿದ್ದ.

“ಗಂಡಸಂದ್ರ ಅಂವ ನೋಡು,” ಎಂದಿದ್ದ ಅಪ್ಪ.

ಮರುವರ್ಷ ಪಂದ್ಯದ ದಿನ ಗಾಳಿ ಕಡಿಮೆ. ಹಗುರ ಆಳು ಬೇಕೆಂದು ಅಪ್ಪ ಹೈಸ್ಕೂಲಿಗೆ ಹೋಗುತ್ತಿದ್ದ ಶೇವಂತಿಯನ್ನೇ ಮುಂದೆ ಕೂರಿಸಿಕೊಂಡ. ಕೊನೆಯ ಪೀಪಾಯಿಯತ್ತ ದೋಣಿ ಸರಿಯಿತು. ಅವಳು ಅಂಗೈಯಿಂದ ಪೀಪಾಯಿಯನ್ನು ಮೆಲ್ಲಗೆ ದೂಡಿಬಿಟ್ಟಳು. ಅಪ್ಪನ ಕಣ್ಣು ಹಾಯಿಯ ಮೇಲಿತ್ತು. ಗೆದ್ದರು; ಬೆಳ್ಳಿ ಬಟ್ಟಲು ಬಹುಮಾನ ಬಂತು. ಎರಡನೆಯವನಾಗಿ ಬಂದ ಗಿರಮಲ್ಲಪ್ಪ ನಗುತ್ತ, ಅವಳ ಅದೇ ಒದ್ದೆ ಕೈಯಲ್ಲಿ ಪೇಢೆ ಇಟ್ಟ.

ಎಂಟು ವರ್ಷವಾಯಿತು. ಈಗಲೂ ಯಾರಾದರೂ ಪ್ರಸಾದ ಕೊಟ್ಟರೆ ಆ ಕೈ ಮುಂದೆ ಬರಲು ಹಿಂಜರಿಯುತ್ತದೆ.

“ಬಟ್ಟಲಾ ಕೊಡ ಬೇ!”

ಶೇವಂತಿ ಬಟ್ಟಲು ಹಿಡಿದು ಅವನೆದುರು ನಿಂತಳು. “ಅಪ್ಪಾ, ಇದು ನಮ್ಮದಲ್ಲ. ಅವತ್ತ ನಾ ಪೀಪಾಯಿ ಮುಟ್ಟಿದ್ದೆ.”

ಹೊಳಬಸಪ್ಪ ಬಟ್ಟಲನ್ನು ಧೋತರದ ಅಂಚಿನಿಂದ ಒರೆಸಿದ. ಮತ್ತೆ ಒರೆಸಿದ.

“ಊರ ಮಂದಿ ಮುಂದ ಇಷ್ಟ ವರ್ಸಾ ನನ್ನ ಮೆರಿಯಾಕ ಬಿಟ್ಟೆಲ್ಲಾ,” ಅಂದವನು ಬಟ್ಟಲನ್ನು ಅವಳ ಕೈಗೇ ಕೊಟ್ಟು, ಗೋಡೆಯ ಕಡೆ ತಿರುಗಿ ಕೂತ.

ಅವಳು ಕೂಸನ್ನು ಎತ್ತಿಕೊಂಡು, ಫೋನಿದ್ದ ಬಟ್ಟೆ ವ್ಯಾಪಾರಿ ರಾವಸಾಹೇಬರ ಅಂಗಡಿಗೆ ನಡೆದಳು. ಗಿರಮಲ್ಲಪ್ಪ ಇನ್ನೂ ದುಡಿಯುತ್ತಿದ್ದ ಮುಂಬಯಿಯ ಆ ಕ್ಲಬ್ಬಿಗೆ ಲೈನು ಸಿಗಲು ಎರಡು ತಾಸು ಹಿಡಿಯಿತು.

“ಯಾರ್ರೀ?” ಗಿರಮಲ್ಲಪ್ಪನ ದನಿ.

“ಕಾಕಾ, ನಾ ಶೇವಂತಿ. ನೀವು ಪೇಢೆ ಇಟ್ರೆಲ್ಲಾ, ಆ ಕೈಲೇನ ನಾ ಪೀಪಾಯಿ ದೂಡಿದ್ದೆನ್ರೀ.”