ಟವೆಲ್ಲಿನ ಕೆಳಗಿನ ಬೆರಳುಗಳು

ಟೀವಿಯಲ್ಲಿ ‘ಈ ಶೇರು ಮಾರಿಬಿಡಿ’ ಎನ್ನುವ ಪಂಡಿತರನ್ನು ದಿಟ್ಟಿಸುವುದು ಈಚೆಗೆ ನನಗೆ ಅಂಟಿದ ಚಟ. ಅವರ ಮಾತಿಗಿಂತ ಕೈ ಎಲ್ಲಿದೆ ಎಂದು ಹುಡುಕುತ್ತೇನೆ. ದನದ ಸಂತೆಯಲ್ಲಿ ದಲಾಲಿ ಬಾಯಿಂದ ಎಮ್ಮೆಯನ್ನು ಹಳಿಯುತ್ತಿರುವಾಗ, ಟವೆಲ್ಲಿನ ಕೆಳಗೆ ಅವನ ಬೆರಳುಗಳು ಮಾರುವವನ ಕೈ ಹಿಡಿದು ಬೇರೆಯೇ ದರ ಹೇಳುತ್ತಿರುತ್ತವೆ. ಒಂದು ದಿನ ಅಂಥ ಒಬ್ಬ ಟೀವಿಯವನ ಕೈ ಮೇಜಿನ ಕೆಳಗಿತ್ತು. ನನಗೆ ಅಷ್ಟು ಸಾಕಾಯಿತು.

ಅವನು ಅಂದು ಮಾರಲು ಹೇಳಿದ್ದು ನಮ್ಮ ಶೇರನ್ನೇ. ನಮ್ಮದು ಎಂದೆನೆ? ಹೆಂಡತಿ ಶೈಲಾಳದು, ಅವಳ ಸಂಬಳದಿಂದ ಕೊಂಡದ್ದು. ಅದರ ಬಗ್ಗೆ ಮಾತಾಡುವ ಹಕ್ಕಷ್ಟೇ ನನ್ನದು. ಪಂಪಿನ ಬಿಡಿಭಾಗ ಮಾಡುವ ಕಂಪನಿ. ಗಳಿಸಿದ್ದನ್ನೆಲ್ಲ ಹೊಸ ಯಂತ್ರಗಳಿಗೇ ಸುರಿಯುತ್ತದೆ. ಲಾಭಾಂಶವೆಂದು ಇದುವರೆಗೆ ಒಂದು ಡಬ್ಬಿ ಕುಂದಾ ಮಿಠಾಯಿ ತರುವಷ್ಟೂ ಕೊಟ್ಟಿಲ್ಲ. ಆದರೆ ದರ ಮಾತ್ರ ಬೆಳೆಯುತ್ತಲೇ ಬಂದಿದೆ.

ಶೈಲಾ ಒಂದು ಫೌಂಡ್ರಿಯಲ್ಲಿ ಲೆಕ್ಕ ಬರೆಯುತ್ತಾಳೆ. ಆ ಕೆಲಸ ಬಿಡಬೇಕು, ಅನಗೋಳದ ನಮ್ಮ ಮನೆಯ ಮಾಳಿಗೆಯ ಮೇಲೊಂದು ಭಟ್ಟಿ ಹಾಕಬೇಕು, ತವರೂರು ಖಾನಾಪುರದ ಮಣ್ಣು ತರಿಸಿ ಹೂಜಿ, ಬಟ್ಟಲು ಸುಡಬೇಕು ಎಂಬುದು ಅವಳ ಆಸೆ. ಭಟ್ಟಿಯ ಹಣವೆಲ್ಲ ಆ ಶೇರಿನಲ್ಲಿದೆ. ದರ ಬಿದ್ದರೆ ಮತ್ತಷ್ಟು ವರ್ಷ ಫೌಂಡ್ರಿಯ ಲೆಕ್ಕವೇ ಗತಿ.

ಟೀವಿಯವನ ವಾದ ಚೆನ್ನಾಗಿಯೇ ಇತ್ತು. ಕಂಪನಿ ಒಳ್ಳೆಯದು, ಆದರೆ ದರ ಕಂಪನಿಯನ್ನು ಹಿಂದೆ ಬಿಟ್ಟು ಓಡಿಹೋಗಿದೆ ಎಂದ. ಚೆನ್ನಾಗಿದ್ದುದರಿಂದಲೇ ನನ್ನ ಅನುಮಾನ ಹೆಚ್ಚಿತು. ಊರಿಗೆಲ್ಲ ಮಾರಿರೆಂದರೆ ಕೊಳ್ಳುವವನು ಯಾರು? ಯಾರೋ ಒಬ್ಬ ಇರಲೇಬೇಕಲ್ಲ. ಅವನ ಕಿವಿಯಲ್ಲಿ ಏನು ಹೇಳಿದ್ದಾರೆ?

“ಮಾರೂದು ಬ್ಯಾಡ,” ಎಂದು ಶೈಲಾಳಿಗೆ ಹೇಳಿದೆ. ಸಾಕ್ಷಿಗೆ ಮಣಕದ ಕತೆ ತೆಗೆದೆ. ಮಣಕವೆಂದರೆ ಇನ್ನೂ ಕರು ಹಾಕದ ಎಮ್ಮೆ. ಅತ್ತೆಯವರ ಕೊಟ್ಟಿಗೆಯಲ್ಲಿ ಅಂಥದೊಂದಿತ್ತು. ಇದು ಗಬ್ಬ ನಿಲ್ಲುವುದಿಲ್ಲ, ಕೊಟ್ಟುಬಿಡಿ ಎಂದ ದಲಾಲಿ. ಅತ್ತೆ ಕೊಡಲಿಲ್ಲ. ಮುಂದೆ ಅದು ಮನೆ ತುಂಬ ಹಾಲು ಕೊಟ್ಟಿತು. ಈ ಕತೆಯನ್ನು ಎಷ್ಟೋ ಮದುವೆಮನೆಗಳಲ್ಲಿ ಹೇಳಿದ್ದೇನೆ. ಹೇಳಿದ ಹಾಗೆಲ್ಲ ಹಾಲು ಹೆಚ್ಚಾಗಿದೆ. ನೆನಪೊಂದು ಇಷ್ಟು ದುಂಡಗಿದ್ದರೆ ಯಾರೋ ಅದನ್ನು ಉಜ್ಜಿದ್ದಾರೆ ಎಂದು ನನಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ನನ್ನ ಅನುಮಾನವೆಲ್ಲ ಟೀವಿಯಲ್ಲೇ ಖರ್ಚಾಗಿತ್ತು.

ಭಾನುವಾರ ಖಾನಾಪುರಕ್ಕೆ ಹೋದಾಗ, ಕತೆಯನ್ನು ಅತ್ತೆಯ ಬಾಯಿಂದಲೇ ಹೇಳಿಸಲು ಹೊರಟೆ.

“ಯಾವ ಮಣಕ?” ಅತ್ತೆ ಅವಲಕ್ಕಿಯ ತಾಟು ಕೈಗಿಟ್ಟರು. “ಅದನ್ನ ಆ ದಲಾಲಿಗೇ ಮಾರಿದ್ವಲ್ರೀ, ಅಳಿಯಾರ.”

“ಮತ್ತ ಹಾಲು ಕೊಟ್ಟಿದ್ದು?”

“ಅದು ಬ್ಯಾರೆ ಎಮ್ಮಿ. ಇದನ್ನ ಮಾರಿದ ರೊಕ್ಕದಾಗ ತಂದದ್ದು.”

“ಹಂಗಾರ ದಲಾಲಿ ಹೇಳಿದ್ದು ಖರೇ ಆತಾ?”

“ಯಾರಿಗೆ ಗೊತ್ತರೀ? ಅಂವಾ ಅದನ್ನ ಗೋವಾದ ಕಡಿ ಹೊಡಕೊಂಡು ಹ್ವಾದ. ಅಲ್ಲೆ ಹಾಲು ಹಿಂಡಿದ್ರ ನಮಗೇನು ಚಾ ಕಳಸ್ತಿತ್ತೇನು? ನಮಗ ಆಗ ಹಾಲು ಬೇಕಾಗಿತ್ತು, ಮಾರಿದ್ವಿ.”

ಶೈಲಾ ನಕ್ಕಳು. ನಗು ಮುಗಿದ ಮೇಲೆ ಹೇಳಿದಳು: “ಟೀವಿಯಾಂವ ಅವನ ಕಾರಣಕ್ಕ ಮಾರು ಅಂತಾನ. ನೀವು ಅವನ ಮ್ಯಾಲಿನ ಸಿಟ್ಟಿಗೆ ಬ್ಯಾಡ ಅಂತೀರಿ. ನನಗ ಭಟ್ಟಿ ಯಾವಾಗ ಬೇಕು ಅಂತ ಇಬ್ಬರೂ ಕೇಳವಲ್ರಿ.”

ಟೀವಿಯವನ ಮಾತನ್ನು ತಲೆಕೆಳಗಾಗಿಸಿ ಹೇಳಿದರೆ ಅದು ನನ್ನ ಸ್ವಂತ ಬುದ್ಧಿಯಾಗುತ್ತದೆ ಎಂದುಕೊಂಡಿದ್ದೆ.

ಸೋಮವಾರ ಅವಳು ಭಟ್ಟಿಗೆ ಬೇಕಾದಷ್ಟು ಶೇರು ಮಾರಿದಳು. ಉಳಿದದ್ದನ್ನು ಬೆಳೆಯಲು ಬಿಟ್ಟಳು. ಆಮೇಲೆ ದರ ಏರಿತೋ ಇಳಿಯಿತೋ, ಹೇಳುವುದಿಲ್ಲ. ಹೇಳಿದರೆ ಈ ಕತೆಯೂ ದುಂಡಗಾಗುತ್ತದೆ.

ಭಟ್ಟಿ ಬಂತು. ಅದನ್ನು ಮಾಳಿಗೆಗೆ ಏರಿಸುವಾಗ ನೋಡಲು ಬಂದ ಪಕ್ಕದ ಮನೆಯವರಿಗೆ ನನ್ನ ಬಾಯಿ ಹೇಳುತ್ತಿತ್ತು: “ಅರ್ಧಾ ಮಾರು, ಅರ್ಧಾ ಇಟ್ಕೋ ಅಂತ ನಾನ ಹೇಳಿದೆ ನೋಡ್ರಿ.” ಮೇಲಿನ ಮೆಟ್ಟಿಲಿನಿಂದ ಶೈಲಾ ಕೆಮ್ಮಿದಳು.

ಆ ಟೀವಿಯವನನ್ನು ಮತ್ತೆ ನೋಡಿದೆ. ಅವನ ಮುಖದ ಕೆಳಗೆ ಇರುವೆಯಂಥ ಅಕ್ಷರಗಳ ಸಾಲೊಂದು ಓಡುತ್ತಿತ್ತು: ಈ ಶೇರಿನಲ್ಲಿ ಇವರ ಸ್ವಂತ ಹಿತವೂ ಇರಬಹುದು. ಪಾಪ, ಅವನಿಗೆ ಅಷ್ಟಾದರೂ ಇದೆ. ನನ್ನ ಮುಖದ ಕೆಳಗೆ ಅಂಥ ಸಾಲು ಓಡುವುದಿಲ್ಲ. ಸದ್ಯಕ್ಕೆ ಆ ಕೆಲಸವನ್ನು ಶೈಲಾಳ ಕೆಮ್ಮು ಮಾಡುತ್ತಿದೆ.