ನೀರು ದಾಟದ ಪ್ರದಕ್ಷಿಣೆ

ಆರತಿ ನೆಲದ ಮೇಲೆ ನಕಾಶೆ ಹಾಸಿ ನಾಲ್ಕು ಮೂಲೆಗೂ ನೂಲಿನ ರೀಲು ಇಟ್ಟಿದ್ದಳು, ಫ್ಯಾನಿನ ಗಾಳಿಗೆ ಕಾಗದ ಏಳಬಾರದೆಂದು. ಕೆಂಪು ನೂಲಿನ ತುದಿಯನ್ನು ಒಂದು ಹಳ್ಳಿಯ ಚುಕ್ಕೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ನೂಲನ್ನು ಹೊಳೆಯ ಗುಂಟ ಮೇಲಕ್ಕೆ ಒಯ್ದಳು. ಒಂದು ಕಡೆ ಹೊಳೆ ದಾಟಿಸಿದಳು. ಎರಡು ಶಿಖರಗಳ ನಡುವಿನ ಖಿಂಡಿಗೆ ಏರಿಸಿ, ಆಚೆಯ ಕಣಿವೆಯಲ್ಲಿ ಇಳಿಸಿ, ಬಳಸಿಕೊಂಡು ಮತ್ತೆ ಅದೇ ಹಳ್ಳಿಗೆ ತಂದು ಮುಟ್ಟಿಸಿದಳು. ನಕಾಶೆಯ ಮೇಲೆ ಒಂದು ಕೆಂಪು ಉಂಗುರ ಬಿತ್ತು.

“ಭೀಮುನೂ ಇದೇ ನೂಲು ಹಿಡದು ದಾರಿ ಅಳದಿದ್ದ,” ಎಂದಳು ಅವಳ ತಾಯಿ ಅವ್ವಮ್ಮ, ಮೂಲೆಯಲ್ಲಿ ಕುಳಿತು ಮೆಂತ್ಯೆಪಲ್ಲೆ ಸೋಸುತ್ತ.

ಭೀಮು ಆರತಿಯ ತಮ್ಮ. ಎರಡು ವರ್ಷದ ಹಿಂದೆ ಹಿಮಾಚಲದ ಆ ಸುತ್ತುದಾರಿಗೆ ಹೋದವನು ಹೊಳೆಯಲ್ಲಿ ಕೊಚ್ಚಿಹೋದ. ದೇಹ ಸಿಗಲಿಲ್ಲ. ಕೆಳಗಿನ ಹಳ್ಳಿಯವರಿಗೆ ಕಲ್ಲುಗಳ ನಡುವೆ ಅವನ ಬೆನ್ನಚೀಲ ಮಾತ್ರ ಸಿಕ್ಕಿತು. ಅದನ್ನು ಹೊಲಿದವಳು ಆರತಿಯೇ. ನೀರಿನಲ್ಲಿ ಅಷ್ಟು ದೂರ ಉರುಳಿದರೂ ಒಂದು ಹೊಲಿಗೆ ಬಿಚ್ಚಿರಲಿಲ್ಲ. ಚೀಲ ಮನೆಗೆ ಬಂದ ದಿನ ಆರತಿ ಅದರ ಪಟ್ಟಿಗಳನ್ನೆಲ್ಲ ಒಂದೊಂದಾಗಿ ಎಳೆದು ನೋಡಿ, ಗೂಟಕ್ಕೆ ತೂಗುಹಾಕಿ, ಕೆಲಸಕ್ಕೆ ಹೋದಳು.

ಪುಣೆಯ ಬಿಬವೇವಾಡಿಯಲ್ಲಿ ಅವರ ಮನೆಯ ಕೆಳಗಿನ ಮನೆ ನಮ್ಮದು. ಸೋಮವಾರ ನಾವು ಮೂವರು ಹೆಂಗಸರೂ ಕೂಡಿಯೇ ಮಹಾದೇವನ ಗುಡಿಗೆ ಹೋಗುತ್ತೇವೆ. ಆರತಿ ಮನೆಯಲ್ಲೂ ಒಂದು ಹೊಲಿಗೆ ಮಷೀನು ಇಟ್ಟಿದ್ದಾಳೆ. ಅವಳು ಹೊಲಿಯುತ್ತ ಮಾತಾಡುತ್ತಾಳೆ, ನಾನು ಬತ್ತಿ ಹೊಸೆಯುತ್ತ ಕೇಳುತ್ತೇನೆ. ಇಲ್ಲಿ ಬರೆಯುವುದರಲ್ಲಿ ಹೆಚ್ಚಿನದು ಹಾಗೆ ಕೇಳಿದ್ದು, ಉಳಿದದ್ದು ಕಂಡದ್ದು.

ಅವ್ವಮ್ಮ ಮತ್ತು ಅವಳ ಗಂಡ ಕಲಬುರಗಿ ಕಡೆಯಿಂದ ಪುಣೆಗೆ ಇಟ್ಟಿಗೆ ಹೊರಲು ಬಂದವರು. ಆರತಿ ಬೆಳೆದದ್ದು ಕಟ್ಟಡಗಳ ಬುಡದ ತಗಡಿನ ಶೆಡ್ಡುಗಳಲ್ಲಿ. ಕೋಥರೂಡದ ಎಷ್ಟೋ ಸೊಸೈಟಿಗಳು ಅವಳಿಗೆ ಗೋಡೆ ಏಳುವ ಮೊದಲಿನಿಂದ ಗೊತ್ತು. ಅಂಥದೊಂದು ಕಟ್ಟಡದಿಂದ ಬಿದ್ದು ಅಪ್ಪ ತೀರಿಕೊಂಡ. ಆಗ ಭೀಮು ಇನ್ನೂ ಅಂಬೆಗಾಲಿಡುತ್ತಿದ್ದ. ಅವ್ವ ಬುಟ್ಟಿ ಹೊರಲು ಹೋದರೆ ಅವನನ್ನು ಹೊತ್ತು ತಿರುಗುವ ಕೆಲಸ ಆರತಿಯದು. “ನನ್ನ ಬೆನ್ನಿಗೆ ಮೊದಲನೇ ಚೀಲ ಅಂದರ ಅಂವನೇ,” ಎನ್ನುತ್ತಾಳೆ. ಮುಂದೆ ಅವಳು ಒಂದು ಕಾರ್ಖಾನೆಯಲ್ಲಿ ಬೆಟ್ಟ ಹತ್ತುವವರ ಚೀಲ ಹೊಲಿಯಲು ಕಲಿತಳು. ಆ ಚೀಲಗಳು ಎಲ್ಲಿಗೆ ಹೋಗುತ್ತವೆ ಎಂದು ಅವಳು ಎಂದೂ ಕೇಳಿದವಳಲ್ಲ. ಕೇಳಿದವನು ಭೀಮು. ಕೇಳಿ, ಒಂದು ಚೀಲ ಏರಿಸಿಕೊಂಡು, ಮೊದಲು ಕೋಟೆಗಳಿಗೆ, ಆಮೇಲೆ ಹಿಮಾಲಯಕ್ಕೆ ಹೋಗತೊಡಗಿದ.

ಈಗ ಆರತಿ ಹೊರಟಿದ್ದಳು. ಹೊರಡಿಸುತ್ತಿದ್ದವಳು ಅವ್ವಮ್ಮ.

“ಸುತ್ತು ಅರ್ಧಕ್ಕ ನಿಂತದ,” ಎನ್ನುತ್ತಿದ್ದಳು ಅವ್ವಮ್ಮ. “ನನ್ನ ಮಗ ಆ ನೀರಿನಾಗೇ ನಿಂತಾನ. ಆ ಕಡಿ ಹೋಗವಲ್ಲ, ಈ ಕಡಿ ಬರವಲ್ಲ. ಒಡಹುಟ್ಟಿದವರು ಯಾರಾರ ಹೋಗಿ ಸುತ್ತು ಮುಗಸಿದರ ಅಂವಗ ದಾರಿ ಸಿಗತದ.”

ಆರತಿಯ ಗಂಡ ದೇವಾನಂದ ಕಾರ್ಖಾನೆಯೊಂದರಲ್ಲಿ ಬಣ್ಣ ಹೊಡೆಯುವವನು. ಸಿಟ್ಟು ಬಂದರೂ ನಗೆಮಾತಿನಲ್ಲೇ ಹೇಳುವ ಮನುಷ್ಯ.

“ಚೀಲದಾಗ ಗಂಡಗೂ ಜಾಗ ಇಟ್ಟೀಯೇನು?” ಎಂದು ಒಂದು ದಿನ ಹೆಂಡತಿಯನ್ನು ಕೇಳಿದ.

“ನಿನ್ನ ಹೊಟ್ಟಿಗೇ ಒಂದು ಬ್ಯಾರೆ ಚೀಲ ಬೇಕು,” ಎಂದಳು ಆರತಿ.

ಅವನು ನಕ್ಕ. ಆಮೇಲೆ ಅತ್ತೆಯ ಕಡೆ ತಿರುಗಿದಾಗ ನಗೆ ಇರಲಿಲ್ಲ. “ಅತ್ತಿ, ಮಗ ಅಲ್ಲಿ ನಿಂತಾನ ಅಂತೀರಿ. ಮಗಳನ್ನೂ ಅಲ್ಲೇ ನಿಲ್ಲಸ್ತೀರೇನು?”

ಆರತಿಯೇ ಹೇಳಿದಳು, “ನಾ ಹೋಗ್ತೀನಿ ಅಂದೀನಿ. ಆಕಿನ್ನ ಯಾಕ ಅಂತಿ?”

ಅದಕ್ಕಾಗಿ ಅವಳು ಮಾಡುತ್ತಿದ್ದ ತಯಾರಿಯನ್ನು ನಾವೆಲ್ಲ ನೋಡುತ್ತಿದ್ದೆವು. ಪ್ರತಿ ರವಿವಾರ ಅಕ್ಕಿ ತುಂಬಿದ ಚೀಲ ಹೊತ್ತು, ಸೀರೆಯ ಕೆಳಗೆ ಬೂಟು ಹಾಕಿಕೊಂಡು ಸಿಂಹಗಡ ಹತ್ತುತ್ತಿದ್ದಳು. ದಾರಿಯಲ್ಲಿ ಅವಳನ್ನು ಮಜ್ಜಿಗೆ ಮಾರುವವಳೆಂದು ತಿಳಿದು ಹುಡುಗರು, “ಮಾವಶಿ, ತಾಕ ಆಹೇ ಕಾ?” ಎಂದು ಕೇಳುತ್ತಿದ್ದರಂತೆ. “ಖಾಲಿ ಆಗ್ಯದ ಅಂತ ಹೇಳಿ ಮುಂದ ಹೋಗ್ತೀನ್ರಿ,” ಎಂದು ನನಗೆ ಹೇಳಿದಳು. ಮನೆಯಲ್ಲಿ ನಗು ಕೇಳಿಸಿದ್ದು ಅಂಥ ದಿನಗಳಲ್ಲಿ ಮಾತ್ರ.

ಜೊತೆಗೆ ಹೋಗಲು ಒಪ್ಪಿದವನು ಮನೋಜ. ಭೀಮುವಿನ ಗೆಳೆಯ, ಮರಾಠಿ ಹುಡುಗ. ಆ ದಿನ ಭೀಮು ಹೊಳೆಗೆ ಇಳಿದಾಗ ದಂಡೆಯಲ್ಲಿ ಉಳಿದವನು ಇವನೇ. ವಾಪಸು ಬಂದು, ಕಾಲು ಜಾರಿತು ಎಂದಷ್ಟೇ ಹೇಳಿದ್ದ. ಅದಕ್ಕಿಂತ ಹೆಚ್ಚು ಅವನು ಹೇಳಿರಲಿಲ್ಲ, ಇವರು ಕೇಳಿರಲಿಲ್ಲ. ನಕಾಶೆ ತಂದವನೂ ಅವನೇ. ನೂಲಿನ ಉಂಗುರ ಬಿದ್ದ ಆ ಮಧ್ಯಾಹ್ನ ಅವನು ಆರತಿಯ ಎದುರಿಗೆ ಕುಳಿತು ದಾರಿ ವಿವರಿಸುತ್ತಿದ್ದ. ನಾನು ಹೊಸ್ತಿಲ ಬಳಿ ಇದ್ದೆ.

ಅವನ ಮಾತೆಲ್ಲ ಮರಾಠಿಯಲ್ಲಿ, ಆರತಿಯನ್ನು ಕರೆಯುವುದು ತಾಈ, ಅಂದರೆ ಅಕ್ಕ, ಎಂದು. ಹೊಳೆಯ ಜಾಗಕ್ಕೆ ಬೆರಳಿಟ್ಟು ಹೇಳಿದ, “ಇಲ್ಲಿ ಸೇತುವೆ ಇಲ್ಲ ತಾಈ. ಬೆಳಗಿನ ಹೊತ್ತು ನೀರು ಮೊಣಕಾಲಿಗೆ ಬರುತ್ತದೆ. ಬಿಸಿಲೇರಿ ಮೇಲಿನ ಹಿಮ ಕರಗಿತೋ, ಸಂಜೆಯೊಳಗೆ ಎದೆಗೆ. ನಾವು ಈಚೆ ದಂಡೆಯಲ್ಲಿ ಡೇರೆ ಹಾಕಿ ಬೆಳಗ್ಗೆ ದಾಟೋಣ. ಬೆಳಗ್ಗೆಯೂ ನೀರು ಇಳಿದಿಲ್ಲ, ಮೋಡ ಕಟ್ಟಿದೆ ಅಂದರೆ ಬಂದ ದಾರಿಯಲ್ಲೇ ವಾಪಸು. ಇದನ್ನು ನೀನು ಈಗಲೇ ಒಪ್ಪಬೇಕು.”

“ವಾಪಸು ಇಲ್ಲ,” ಎಂದಳು ಆರತಿ, ಮರಾಠಿಯಲ್ಲೇ. “ಅರ್ಧಕ್ಕೆ ತಿರುಗಬೇಕಾದರೆ ಹೋಗುವುದೇ ಯಾಕೆ? ಅರ್ಧ ಪ್ರದಕ್ಷಿಣೆ ಮಾಡಿ ಬರುವುದಿಲ್ಲ.”

ಮನೋಜ ನಕಾಶೆಯಿಂದ ಬೆರಳು ತೆಗೆದ.

“ಅವನೂ ಇದನ್ನೇ ಅಂದ,” ಎಂದ. “ಇದೇ ಮಾತು, ತಾಈ. ತಿರುಗೋಣ ಎಂದೆ ನಾನು. ನೀರು ಏರಿತ್ತು, ಮೇಲೆ ಮೋಡ ಕಪ್ಪಾಗಿತ್ತು. ಅವನಿಗೂ ಅಂಜಿಕೆ ಇತ್ತು, ಮುಖದಲ್ಲಿ ಕಾಣುತ್ತಿತ್ತು. ಆದರೆ, ಅರ್ಧ ಪ್ರದಕ್ಷಿಣೆ ಆಗುವುದಿಲ್ಲ, ಅವ್ವನಿಗೆ ಮಾತು ಕೊಟ್ಟಿದ್ದೇನೆ ಅಂದ. ತಮಾಷೆ ಎಂದುಕೊಂಡೆ ನಾನು. ಅವನು ಇಳಿದೇಬಿಟ್ಟ.”

ಮೂವತ್ತು ವರ್ಷ ಪುಣೆಯಲ್ಲಿ ಇಟ್ಟಿಗೆ ಹೊತ್ತವಳಿಗೆ ಮರಾಠಿ ಅರ್ಥವಾಗದೆ ಇರುತ್ತದೆಯೇ? ಮೂಲೆಯಲ್ಲಿ ಎಲೆ ಮುರಿಯುವ ಸಪ್ಪಳ ನಿಂತಿತ್ತು. ಅವ್ವಮ್ಮ ಎದ್ದು ಪಲ್ಲೆಯ ಬುಟ್ಟಿ ತೆಗೆದುಕೊಂಡು ನಲ್ಲಿಯ ಹತ್ತಿರ ಹೋದಳು. ತೊಳೆದಳು. ನೀರು ಚೆಲ್ಲಿ ಮತ್ತೆ ತೊಳೆದಳು. ಎಲೆಗಳು ಮೆತ್ತಗಾಗಿ ಅಂಗೈಗೆ ಅಂಟುವವರೆಗೂ ತೊಳೆಯುತ್ತಲೇ ಇದ್ದಳು. ಆರತಿ ಹೋಗಿ ನಲ್ಲಿ ಬಂದ್ ಮಾಡಿದಳು.

ಆ ಮಾತು ಹುಟ್ಟಿದ್ದು ಹೀಗೆ. ಭೀಮು ಹೊರಡುವಾಗ ಅವ್ವಮ್ಮ ಬೇಡವೆಂದು ಹಟ ಹಿಡಿದಿದ್ದಳು. ಅವಳನ್ನು ಒಪ್ಪಿಸಲು ಅವನು ಇದೇ ಕೋಣೆಯಲ್ಲಿ ನೂಲಿನ ಉಂಗುರ ತೋರಿಸಿ, “ಯವ್ವಾ, ಹಿಮಾಲಯ ಅಂದರ ಈಶ್ವರಂದು. ಅವನ ಗುಡ್ಡದ ಸುತ್ತ ಒಂದು ಸುತ್ತು ಹಾಕಿ ಬರ್ತೀನಿ, ಅಷ್ಟೇ,” ಎಂದಿದ್ದ. ಅವ್ವಮ್ಮನ ಮುಖ ಅರಳಿತ್ತು. “ಹಂಗಾರ ಪ್ರದಕ್ಷಿಣಿ ಅನ್ನು,” ಎಂದಿದ್ದಳು. ಸಣ್ಣವನಿದ್ದಾಗ ಊರಿಗೆ ಹೋದರೆ ಹಣಮಪ್ಪನ ಗುಡಿಯಲ್ಲಿ ಭೀಮು ಅರ್ಧ ಸುತ್ತಿ, ಕಟ್ಟೆಯ ಮೇಲೆ ಕೂತುಬಿಡುತ್ತಿದ್ದನಂತೆ. ಕಿವಿ ಹಿಂಡಿ ಎಬ್ಬಿಸಿ ಪೂರಾ ಮಾಡಿಸುತ್ತಿದ್ದಳು. ಅದನ್ನು ನೆನೆದು, “ಅರ್ಧಕ್ಕ ಮಾತ್ರ ತಿರುಗಬ್ಯಾಡ ನೋಡಪ್ಪ, ಮನಿಗಿ ಒಳ್ಳೇದಲ್ಲ,” ಎಂದಿದ್ದಳು. ಅವನು ನಗುತ್ತ ಅವಳ ಕೈಮೇಲೆ ಕೈ ಹಾಕಿದ್ದ.

ಹಟ ಮುರಿಯಲು ಆಡಿದ ಒಂದು ಮಾತು ತಾಯಿಯ ಬಾಯಲ್ಲಿ ದೇವರ ಕೆಲಸವಾಯಿತು. ದೇವರ ಕೆಲಸವಾದ ಮೇಲೆ ಮಗ ಅದರಿಂದ ಹಿಂದೆ ಸರಿಯಲಿಲ್ಲ.

ಆ ಮಧ್ಯಾಹ್ನದ ಮೇಲೆ ಅವ್ವಮ್ಮ ಸುತ್ತು ಮುಗಿಸುವ ಮಾತೆತ್ತಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ತಾಟಿನ ಮುಂದೆ ಕುಳಿತು ರೊಟ್ಟಿ ಮುರಿದು, ಮುರಿದದ್ದನ್ನು ಹಾಗೇ ಬಿಟ್ಟು ಏಳುತ್ತಿದ್ದಳು. ಆರತಿಯೂ ಹಟ ಬಿಡಲಿಲ್ಲ. ರೈಲಿನ ಟಿಕೀಟು ಬಂತು. “ಈಗಂತೂ ಮುಗಸಲೇಬೇಕ್ರಿ,” ಎಂದಳು ನನಗೆ. “ಅಂವ ಕೊಟ್ಟ ಮಾತಿಗಿ ಜೀವ ಕೊಟ್ಟ. ನಾ ನೀರು ನೋಡಿ ಹೆದರಿ ಬಂದರ ಅಂವಗ ಏನು ಉಳೀತದ?” ದೇವಾನಂದ ನಗೆಮಾತು ನಿಲ್ಲಿಸಿದ್ದ. ಮನೋಜ, ನಾನು ದಂಡೆಯವರೆಗೆ ಮಾತ್ರ ಬರುತ್ತೇನೆ ಎಂದು ಹೇಳಿಬಿಟ್ಟ. ಹಾಗಾದರೆ ಒಬ್ಬಳೇ ದಾಟುತ್ತೇನೆ ಎಂದಳು ಆರತಿ. ಅವಳ ಮುಖದಲ್ಲಿ ಅದು ನಿಜವೆಂದು ಕಾಣುತ್ತಿತ್ತು.

ಸೋಮವಾರ ಬಂತು. ಎಂದಿನಂತೆ ಮೂವರೂ ಗುಡಿಗೆ ಹೋದೆವು.

ಮಹಾದೇವನ ಗುಡಿಯಲ್ಲಿ ಪೂರ್ಣ ಸುತ್ತು ಹಾಕುವ ಪದ್ಧತಿ ಇಲ್ಲ. ಲಿಂಗಕ್ಕೆ ಅಭಿಷೇಕ ಮಾಡಿದ ನೀರು ಗೋಮುಖದಿಂದ ಹೊರಗೆ ಬಿದ್ದು ಕಲ್ಲಿನ ಕಾಲುವೆಯಲ್ಲಿ ಹರಿಯುತ್ತದೆ. ಆ ನೀರನ್ನು ದಾಟಬಾರದು. ಅಲ್ಲಿಯವರೆಗೆ ನಡೆದು, ಕೈಮುಗಿದು, ಹೋದ ದಾರಿಯಲ್ಲೇ ತಿರುಗಿ ಬರಬೇಕು. ಸೋಮಸೂತ್ರದ ಪ್ರದಕ್ಷಿಣೆ ಎಂದು ಅದಕ್ಕೆ ಹೆಸರು. ಇಲ್ಲಿಯ ಮರಾಠಿ ಹೆಂಗಸರಿಗೂ ಗೊತ್ತು, ನಮಗೂ ಗೊತ್ತು. ಕಾಲಿಗೇ ಗೊತ್ತು ಎನ್ನಬೇಕು. ಅದನ್ನು ಯಾರೂ ಯೋಚಿಸಿ ಮಾಡುವುದಿಲ್ಲ.

ನಾನು ಮುಂದೆ ಇದ್ದೆ. ಕಾಲುವೆಯ ತನಕ ಹೋಗಿ ತಿರುಗಿದೆ. ನನ್ನ ಹಿಂದೆ ಆರತಿಯೂ ತಿರುಗಿದಳು. ಅವ್ವಮ್ಮ ತಿರುಗಲಿಲ್ಲ. ಗೇಣುದ್ದದ ಆ ನೀರಿನ ಮುಂದೆ ನಿಂತುಬಿಟ್ಟಳು. ಹಿಂದಿನಿಂದ ಬಂದವರು, “ಆಜೀ, ಚಲಾ ನಾ,” ಎಂದು ಅವಸರಿಸಿ, ಅವಳನ್ನು ಬಳಸಿಕೊಂಡು ತಿರುಗಿ ಹೋದರು.

“ಯವ್ವಾ, ಬಾ,” ಎಂದು ಆರತಿ ಕೈ ಹಿಡಿದಳು.

“ಎಲ್ಲಾರೂ ತಿರುಗತಾರಲ್ಲ,” ಎಂದಳು ಅವ್ವಮ್ಮ. ದನಿ ಏರಲಿಲ್ಲ. “ನೀ ಈಗ ತಿರುಗಿದಿ. ನಾ ವಾರಾ ವಾರಾ ಇಲ್ಲಿಂದ ತಿರುಗೀನಿ. ಈಶ್ವರನ ಗುಡ್ಡ ಅಂತ ಅಂವ ಬಾಯಿಬಿಟ್ಟು ಹೇಳಿದ್ದ. ಈಶ್ವರನ ನೀರು ದಾಟಬಾರದು, ನೀರು ಬಂದಲ್ಲಿ ತಿರುಗು ಅಂತ ನಾ ಹೇಳಬೇಕಿತ್ತು. ಹಣಮಪ್ಪನ ಗುಡಿ ನೇಮ ಹೇಳಿ ಕಳಿಸಿದೆ.”

ಆರತಿಯ ಬೆರಳುಗಳು ಅವ್ವನ ಮುಂಗೈಯನ್ನು ಬಿಗಿಯಾಗಿ ಹಿಡಿದಿದ್ದವು.

“ತಿರುಗೋ ಮಗನ್ನ ದಾಟಿಸಿದೆ,” ಎಂದಳು ಅವ್ವಮ್ಮ. ಅಷ್ಟು ಹೇಳಿ ಕಾಲುವೆಯ ಪಕ್ಕದಲ್ಲೇ ಕುಳಿತಳು. ಏಳಿಸಲು ನಮಗಿಬ್ಬರಿಗೂ ಬಹಳ ಹೊತ್ತು ಹಿಡಿಯಿತು. ಅಪ್ಪಾ ಮಹಾದೇವಾ, ನಿನ್ನ ಎದುರಿಗೇ ಈ ತಾಯಿಗೆ ಇದು ತಿಳಿಯಬೇಕಿತ್ತೇ ಎಂದು ನಾನು ಮನಸ್ಸಿನಲ್ಲೇ ಕೇಳಿದೆ. ತಿಳಿಯದೆ ಹೋಗಿದ್ದರೆ ಮಗಳೂ ಹೋಗುತ್ತಿದ್ದಳು ಎಂಬುದು ಆಮೇಲೆ ಹೊಳೆಯಿತು.

ಮನೆಗೆ ಬಂದ ಮೇಲೆ ಅವ್ವಮ್ಮ ತಾನೇ ನಕಾಶೆ ತೆಗೆದು ಹಾಸಿದಳು. ರೀಲುಗಳನ್ನು ಮೂಲೆಗಿಟ್ಟಳು. ಕೆಂಪು ನೂಲನ್ನು ಮಗಳ ಕೈಗೆ ಕೊಟ್ಟಳು.

“ನೀರಿನ ತನಕ ಹಿಡಿ,” ಎಂದಳು.

ಆರತಿ ಹಳ್ಳಿಯಿಂದ ಹೊಳೆಯವರೆಗೆ ನೂಲು ಹಿಡಿದಳು.

“ಅಲ್ಲಿಂದ ತಿರುವು.”

“ಯವ್ವಾ…”

“ತಿರುವು ಅಂದೆ.”

ಆರತಿ ನೂಲನ್ನು ಮಡಿಚಿ, ಬಂದ ಗೆರೆಯ ಮೇಲೆಯೇ ಹಿಂದಕ್ಕೆ ತಂದಳು. ಉಂಗುರ ಹೋಗಿ ಜೋಡಿ ನೂಲಿನ ಒಂದು ಗೆರೆ ಉಳಿಯಿತು. ಬಾಗಿಲಲ್ಲಿ ನಿಂತಿದ್ದ ದೇವಾನಂದ ಒಳಗೆ ಬಂದು, ಹೆಂಡತಿಯ ಬೂಟುಗಳನ್ನು ಎತ್ತಿಕೊಂಡು, ಒರೆಸುತ್ತ ಕುಳಿತ.

“ಅಲ್ಲಿ ಈಚೆ ದಂಡಿಗಿ ನಿಂತು ಅಂವಗ ಹೇಳು,” ಎಂದಳು ಅವ್ವಮ್ಮ. “ಅವ್ವ ತಪ್ಪಿ ಹೇಳಿದ್ದಳು, ಇದು ಈಶ್ವರನ ಗುಡಿ, ನೀರು ದಾಟೋದಿಲ್ಲ, ತಿರುಗಿದರೇ ಪೂರಾ ಆದಂಗ, ಅಂತ ಹೇಳು. ತಿರುಗಿ ಬಾ ಅನ್ನು.”

ಜ್ಯೇಷ್ಠದಲ್ಲಿ ಆರತಿ ಮನೋಜನ ಜೊತೆ ಹೊರಟಳು. ಗೂಟದಿಂದ ಭೀಮುವಿನ ಚೀಲವನ್ನೇ ತೆಗೆದು ಹೊತ್ತಳು. ಅವಳು ಹೋದಷ್ಟು ದಿನವೂ ಅವ್ವಮ್ಮ ನಮ್ಮ ಮನೆಯಲ್ಲಿ ಬಂದು ಕೂರುತ್ತಿದ್ದಳು. ನಾನು ಬತ್ತಿ ಹೊಸೆಯುತ್ತಿದ್ದೆ. ಒಮ್ಮೆ ಅವಳು, “ಮೊಂಡಿ ಅದಾಳ್ರಿ, ತಮ್ಮನಂಗೆ,” ಎಂದಳು.

ಪುಣೆಯಲ್ಲಿ ಮಳೆ ಹಿಡಿದ ಮೇಲೆ ಒಂದು ಸಂಜೆ ಆರತಿ ಬಂದಳು. ಬಿಸಿಲು ಮತ್ತು ಚಳಿಗೆ ಮೂಗಿನ ಮೇಲಿನ ಚರ್ಮ ಸುಲಿದಿತ್ತು. ಹಿಂದೆ ದೇವಾನಂದ ಅವಳ ಚೀಲ ಹೊತ್ತು ಮೆಟ್ಟಿಲು ಹತ್ತಿದ. ನಾನೂ ಅವರ ಹಿಂದೆಯೇ ಮೇಲೆ ಹೋದೆ.

ಅವ್ವಮ್ಮ ಕೇಳಿದ್ದು ಒಂದೇ. “ನೀರು ದಾಟಿದೇನು?”

“ಇಲ್ಲವ್ವಾ. ತಿರುಗಿದೆ.”

“ಹೇಳಿದಿ?”

“ಹೇಳಿದೆ. ನೀರಿನ ಸಪ್ಪಳಕ್ಕ ನನ್ನ ಧ್ವನಿ ನನಗೇ ಕೇಳಲಿಲ್ಲ. ಮತ್ತೊಮ್ಮೆ ಹೇಳಿದೆ.”

ಅವ್ವಮ್ಮ ಮಗಳ ಎರಡೂ ಕೈಗಳನ್ನು ಹಿಡಿದು, ತೋಳು, ಭುಜ, ಮುಖವೆಲ್ಲ ಸವರಿ ನೋಡಿದಳು. ಆಮೇಲೆ ಅವಳ ಭುಜದ ಮೇಲಿಂದ ಬಾಗಿಲ ಕಡೆ ನೋಡಿದಳು. ಹೊರಗಿನ ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಮಳೆಯ ಇರಚಲು ಒಳಗೆ ಬರುತ್ತಿತ್ತು. ದೇವಾನಂದ ಚೀಲವನ್ನು ಗೂಟಕ್ಕೆ ಹಾಕಿ ಬಾಗಿಲು ಮುಚ್ಚಲು ಹೋದ.

“ಇರಲಿ ಬಿಡ್ರಿ,” ಎಂದಳು ಅವ್ವಮ್ಮ. “ಸ್ವಲ್ಪ ಹೊತ್ತು ತೆರೆದಿರಲಿ.”