ಉಂಡು ನುಂಗಿದ ಗುಳಿಗೆ

ಟೀಚರಮ್ಮನ ಮೂಗಿನ ಎರಡೂ ಬದಿಗೆ ಸಾಸಿವೆಯಷ್ಟು ಕೆಂಪು ಗುಳ್ಳೆಗಳು ಎದ್ದಿದ್ದವು. ಬೆರಳ ತುದಿ ಬಿರಿದು ಹೂ ಕಟ್ಟಲೂ ಆಗುತ್ತಿರಲಿಲ್ಲ. ಮಾನ್ವಿಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿ, ರಾಯಚೂರಿನ ನಮ್ಮ ಓಣಿಗೆ ಒಬ್ಬರೇ ಬಂದವರು. ಹೊಗೆ ಅಂದರೆ ಮುಖ ತಿರುಗಿಸುತ್ತಿದ್ದ ಅವರಿಗೇ ಶ್ವಾಸಕೋಶದ ಕ್ಯಾನ್ಸರ್ ಬಂತು.

ಅದು ಹೇಗೆಂದು ಕೇಳಿದ್ದಕ್ಕೆ, ಏಳನೆಯದಕ್ಕೇ ಓದು ಬಿಟ್ಟ ನನಗೂ ತಿಳಿಯುವಂತೆ ಹೇಳಿದರು. "ಜೀವಕೋಶದ ಹೊರಗ ಬೆಲ್ ಇದ್ದಂಗ ಇರತಾವ ಯವ್ವಾ, ರಿಸೆಪ್ಟರ್ ಅಂತಾರ. ಬೆಲ್ ಆದ್ರ ಒಳಗಿನವರು ಬೆಳಿಯಾಕ ಸುರು ಮಾಡತಾರ. ನನ್ನ ಎದಿಯಾಗ ಒಂದು ಬೆಲ್ ಒತ್ತಿದ್ದು ಒತ್ತಿದಂಗ ಸಿಕ್ಕೊಂಡದ. ಯಾರೂ ಬಂದಿಲ್ಲ, ಒಳಗ ಮಾತ್ರ ಬೀಗರು ಬಂದಂಗ ಅಡಿಗಿ ನಡದದ."

ದಿನಕ್ಕೊಂದು ಗುಳಿಗೆ ಅದರ ಬಾಯಿ ಮುಚ್ಚಿಸುತ್ತದಂತೆ. ಚರ್ಮದಲ್ಲೂ ಅಂಥವೇ ಬೆಲ್ಲು ಇದ್ದು, ಗುಳಿಗೆ ಅವುಗಳ ಬಾಯಿಯನ್ನೂ ಮುಚ್ಚಿಸುವುದರಿಂದ ಮುಖದ ಮೇಲೆ ಗುಳ್ಳೆ.

ಹಸಿದ ಹೊಟ್ಟೆಗೆ ಔಷಧಿ ಕೊಡಬಾರದೆಂಬುದು ನಮ್ಮವ್ವ ಕಲಿಸಿದ್ದು. ಪೂಜೆ ಮುಗಿಸಿ ದಿನಾ ಎಂಟಕ್ಕೆ ಬಿಸಿ ಉಪ್ಪಿಟ್ಟು ಒಯ್ದು, ಎದುರಿಗೆ ಕೂತು ತಿನ್ನಿಸಿ, ಆಮೇಲೆಯೇ ಗುಳಿಗೆ ಕೊಡುತ್ತಿದ್ದೆ. ಅವರು ಮರುಮಾತಾಡದೆ ನುಂಗುತ್ತಿದ್ದರು. ತಿಂಗಳೊಳಗೆ ಗುಳ್ಳೆ ಕುತ್ತಿಗೆಗಿಳಿದವು. ಭೇದಿ ಹತ್ತಿ, ಎದ್ದು ನಿಲ್ಲಲಾರದಷ್ಟು ಸೊರಗಿದರು.

ಹೈದರಾಬಾದಿಗೆ ರೈಲಿನಲ್ಲಿ ನಾನೇ ಕರೆದುಕೊಂಡು ಹೋದೆ. ಈ ಗುಳಿಗೆ ಖಾಲಿ ಹೊಟ್ಟೆಯಲ್ಲೇ ನುಂಗಬೇಕು, ತಿಂದು ನುಂಗಿದರೆ ರಕ್ತಕ್ಕೆ ಹೆಚ್ಚು ಸೇರುತ್ತದೆ, ಮೊದಲೇ ಹೇಳಿದ್ದೆನಲ್ಲ ಎಂದು ಡಾಕ್ಟರು ಗದರಿದರು. ಟೀಚರಮ್ಮ ನನ್ನ ಕಡೆ ನೋಡಲೂ ಇಲ್ಲ. ತಾವೇ ಮರೆತದ್ದು ಎಂದರು.

ವಾಪಸು ಬರುವಾಗ ಕಣ್ಣೀರು ತಡೆಯಲಾಗಲಿಲ್ಲ. ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

"ಬ್ಯಾಡ ಅಂದ್ರ ನೀ ಬರೋದು ಬಿಡತಿದ್ದಿ," ಎಂದರು, ಕಿಟಕಿಯ ಹೊರಗೆ ನೋಡುತ್ತ. "ಒಬ್ಬರ ಮುಂದ ಕುಂತು ಉಂಡು ಎಷ್ಟು ವರ್ಷ ಆಗಿತ್ತು ನನಗ, ಹುಚ್ಚಿ."

ಮರುದಿನದಿಂದ ಅವರು ಆರಕ್ಕೇ ಗುಳಿಗೆ ನುಂಗಿದರು; ನಾನು ಎಂಟಕ್ಕೇ ಹೋದೆ. ಭೇದಿ ನಿಂತಿತು. ದೇವರು ಇನ್ನೂ ಒಂದೂವರೆ ವರ್ಷ ಕೊಟ್ಟ. ಆಮೇಲೆ ಆ ಬೆಲ್ಲು ತನ್ನ ರೂಪವನ್ನೇ ಬದಲಿಸಿತಂತೆ, ಗುಳಿಗೆ ಹಿಡಿಯಲಿಲ್ಲ. ಹೋಗುವ ದಿನ ಬೆಳಿಗ್ಗೆ ನನ್ನ ಕೈಯಿಂದ ಎರಡು ಚಮಚ ಗಂಜಿ ಕುಡಿದರು. ಅದನ್ನೂ ದೇವರ ಕರುಣೆಯೆಂದೇ ಎಣಿಸಿಕೊಂಡಿದ್ದೇನೆ.

ಒಂದು ಮಾತು ಮಾತ್ರ ಉಳಿಯಿತು. ನಮ್ಮ ಯಜಮಾನರು ನಸುಕಿಗೇ ಬುತ್ತಿ ಹಿಡಿದು ಅಕ್ಕಿ ಮಿಲ್ಲಿಗೆ ಹೋಗುವವರು. ಟೀಚರಮ್ಮನ ಮನೆಯಲ್ಲಿ ಕೂತ ಆ ಒಂದು ತಾಸು ಬಿಟ್ಟರೆ, ಇಡೀ ದಿನ ನನ್ನನ್ನು ಮಾತಾಡಿಸುವವರು ಯಾರೂ ಇರಲಿಲ್ಲ. ಅದನ್ನು ಅವರಿಗೆ ಹೇಳಲೇ ಇಲ್ಲ.